ಗಂಟೆಯ ನಾಲಿಗೆ

ನಮ್ಮ ಶಾಲೆಯ ಗಂಟೆಗೆ ನಾಲಿಗೆ ಇರಲಿಲ್ಲ. ನಾಲಿಗೆಯ ಜಾಗದಲ್ಲಿ ಒಂದು ಬೀಗದ ಕೈ ತೂಗುತ್ತಿತ್ತು. ಗೇಣುದ್ದದ, ತುಕ್ಕು ಹಿಡಿದ, ಕಬ್ಬಿಣದ ಬೀಗದ ಕೈ.

ನಾನು ಆ ಶಾಲೆಗೆ ಸೇರಿದಾಗ ನನಗೆ ಇಪ್ಪತ್ತೊಂದು ವರ್ಷ. ಉಪದೇಶಿಯಾಗಲು ಹೋಗಿದ್ದೆ. ಉಪದೇಶಿ ಎಂದರೆ ನಾವು ಸ್ವಾಮಿಗಳು ಎಂದು ಕರೆಯುವ ಪಾದ್ರಿಯಲ್ಲ. ಹೆಂಡತಿ ಮಕ್ಕಳು, ಹೊಲ ಮನೆ ಇರುವ ನಮ್ಮ ನಿಮ್ಮಂಥವನೇ. ಸ್ವಾಮಿಗಳು ಇಲ್ಲದ ದಿನಗಳಲ್ಲಿ ಜಪ ಹೇಳಿಸುವವನು, ಮಕ್ಕಳಿಗೆ ಧರ್ಮೋಪದೇಶ ಕಲಿಸುವವನು, ಕಾಯಿಲೆಯವರ ಪಕ್ಕ ಕೂರುವವನು, ಸತ್ತವರನ್ನು ಮಣ್ಣು ಮಾಡುವವನು. ಸ್ವಾಮಿಗಳು ಒಂದೊಂದು ಊರಿಗೆ ವರ್ಷದಲ್ಲಿ ನಾಲ್ಕು ಸಲ ಬಂದರೆ ಹೆಚ್ಚು. ಉಳಿದ ದಿನವೆಲ್ಲ ಉಪದೇಶಿಯದೇ.

ಶಾಲೆ ಶುರುವಾಗುವ ಮೊದಲ ದಿನ ಅರುಳಪ್ಪ ಮೇಷ್ಟ್ರು ಆ ಗಂಟೆ ಬಾರಿಸಿ, ನಮ್ಮನ್ನು ಹೊಳೆಯ ಕಡೆ ಮುಖ ಮಾಡಿ ಕೂರಿಸಿ, ತಮ್ಮ ಗುರುವಿನ ಕಥೆ ಹೇಳುತ್ತಿದ್ದರು. ಪ್ರತಿ ವರ್ಷವೂ ಅದೇ ಕಥೆ. ಪ್ರತಿ ವರ್ಷವೂ ಅದರಲ್ಲಿ ತಾವು ಇನ್ನೊಂದಿಷ್ಟು ದಡ್ಡರಾಗುತ್ತಿದ್ದರು.

ಈಗ ಅವರಿಲ್ಲ, ಅವರ ಜಾಗದಲ್ಲಿ ನಾನು ಕಲಿಸುತ್ತೇನೆ. ಶಾಲೆಗೆ ಕರೆಂಟಿನ ಗಂಟೆ ಬಂದಿದೆ. ಅದು ಕಿರುಚಿದಾಗ ನನಗೆ ಸಿಟ್ಟು ಬರುತ್ತದೆ, ಸುಳ್ಳೇಕೆ ಹೇಳಲಿ. ಹಳೆಯ ಗಂಟೆಯ ಕೆಳಗೆ ಹೋಗಿ ನಿಂತು, ಯಾರೂ ಇಲ್ಲದಾಗ ಬೀಗದ ಕೈಯನ್ನು ಒಮ್ಮೆ ಮುಟ್ಟಿ ಬರುತ್ತೇನೆ.

ಮೇಷ್ಟ್ರು ಹೇಳಿದಂತೆಯೇ ಕಥೆಯನ್ನು ಹೇಳುತ್ತೇನೆ. ಅವರನ್ನು ಏಕವಚನದಲ್ಲಿ ಕರೆದೆನೆಂದು ಬೇಸರ ಮಾಡಿಕೊಳ್ಳಬೇಡಿ. "ಆಗ ನಾನು ಬಹುವಚನಕ್ಕೆ ಯೋಗ್ಯನಾಗಿರಲಿಲ್ಲ" ಎಂದು ಅವರೇ ಕಟ್ಟಪ್ಪಣೆ ಮಾಡಿದ್ದರು.

*

ಆಗ ಹೊಳೆಯ ಎರಡು ದಡವೂ ಸೇರಿ ನಮ್ಮವರ ಹಟ್ಟಿಗಳು ಹನ್ನೊಂದು. ಹನ್ನೊಂದಕ್ಕೂ ಒಬ್ಬರೇ ಉಪದೇಶಿ, ಚೌರಪ್ಪನವರು. ವಯಸ್ಸು ಎಪ್ಪತ್ತೆರಡು. ಹರಿಗೋಲಿನಲ್ಲಿ ಹೊಳೆ ದಾಟಿ, ಆಚೆ ನಡೆದು, ಈಚೆ ನಡೆದು, ಮೊಣಕಾಲು ಎರಡೂ ಕೈಕೊಟ್ಟಿದ್ದವು.

ಹಬ್ಬದ ಪೂಜೆಗೆ ಬಂದ ಗಡ್ಡದ ಸ್ವಾಮಿಗಳು ಅದನ್ನು ನೋಡಿದರು. ಅವರು ಸಮುದ್ರದಾಚೆಯವರು. ಕನ್ನಡ ಚೆನ್ನಾಗಿಯೇ ಕಲಿತಿದ್ದರು, ದೀರ್ಘ ಮಾತ್ರ ನಾಲಿಗೆಗೆ ಬಗ್ಗುತ್ತಿರಲಿಲ್ಲ. ಪೂಜೆಯ ನಡುವೆ ಜನರಿಗೆ "ಕೂರಿ" ಎನ್ನಬೇಕಾದಾಗಲೆಲ್ಲ "ಕುರಿ, ಕುರಿ" ಎನ್ನುತ್ತಿದ್ದರು. ಜನ ಕೂರುತ್ತಿದ್ದರು.

"ಚೌರಪ್ಪ, ನಿಮ್ಮ ನಂತರ ಯಾರು?" ಎಂದು ಕೇಳಿದರು.

"ನಾ ಒಬ್ಬ ಹೋಗೋಕ್ಮುಂಚೆ ಹನ್ನೊಂದು ಜನ ಆಗ್ಬೇಕು, ಸ್ವಾಮಿ. ಹಟ್ಟಿಗೆ ಒಬ್ರು. ಅವ್ರಿಗೊಂದು ಶಾಲೆ ಕಟ್ಟಿಸಿ."

ಸ್ವಾಮಿಗಳು ಕಟ್ಟಿಸಿದರು. ಹೊಳೆಯ ಕಲ್ಲಿನ ಗೋಡೆ, ಮಂಗಳೂರು ಹೆಂಚು, ಒಂದು ದೊಡ್ಡ ಕೋಣೆ, ಮುಂದೆ ಜಗುಲಿ, ಒಂದೇ ಬಾಗಿಲು. ಬಾಗಿಲಿನ ಬೀಗಕ್ಕೆ ಗೇಣುದ್ದದ ಕೈ. ಪಟ್ಟಣದಿಂದ ಕಂಚಿನ ಗಂಟೆಯೂ ಬಂತು. ಗೋಣಿಚೀಲ ಬಿಚ್ಚಿ ನೋಡಿದರೆ ಗಂಟೆಗೆ ನಾಲಿಗೆಯೇ ಇಲ್ಲ. ಗಾಡಿಯಲ್ಲಿ ಬರುವಾಗ ಎಲ್ಲಿ ಬಿತ್ತೋ. ಇದ್ದ ಹಾಗೆಯೇ ಅದನ್ನು ಜಗುಲಿಯ ತೊಲೆಗೆ ತೂಗುಹಾಕಿದರು.

ಇನ್ನು ಕಲಿಸುವವರು ಯಾರು?

"ಅದನ್ನು ಚೌರಪ್ಪ ಹೇಳಲಿ," ಎಂದು ಸ್ವಾಮಿಗಳು ಬೀಗದ ಕೈಯನ್ನು ಅವರಿಗೇ ಕೊಟ್ಟರು. "ದೇವಮಾತೆಯ ಹುಟ್ಟುಹಬ್ಬಕ್ಕೆ ಬರುತ್ತೇನೆ. ಆ ದಿನ ಶಾಲೆ ಶುರು. ಇನ್ನೂ ಎರಡು ತಿಂಗಳು ಇದೆ."

*

ಆ ಬೀಗದ ಕೈಯ ಮೇಲೆ ಕಣ್ಣಿಟ್ಟವನು ಅರುಳಪ್ಪ.

ಇಪ್ಪತ್ತನಾಲ್ಕು ವರ್ಷದವನು. ಪಾದ್ರಿಯಾಗಲೆಂದು ಗುರುಮಠದಲ್ಲಿ ನಾಲ್ಕು ವರ್ಷ ಓದಿ, "ನಿನಗೆ ದೇವಕರೆ ಇಲ್ಲ" ಎನ್ನಿಸಿಕೊಂಡು ವಾಪಸು ಬಂದಿದ್ದ. ಊರಿನವರು ಒಳ್ಳೆಯವರೇ, ಆದರೆ ಊರ ಬಾಯಿ ಸುಮ್ಮನಿರಬೇಕಲ್ಲ. "ಸ್ವಾಮಿ ಆಗೋಕೆ ಹೋದವ್ನು ಸಾಮಾನು ಹೊತ್ಕಂಡು ಬಂದ" ಎಂದು ಆಡಿಕೊಂಡರು.

ಆ ಮಾತು ಕೇಳಿದಂದಿನಿಂದ ಅವನಿಗೆ ಅನ್ನ ಸೇರುತ್ತಿರಲಿಲ್ಲ. ಪಾದ್ರಿಯಂತೂ ಆಗಲಿಲ್ಲ. ಈ ಶಾಲೆಯೂ ಕೈತಪ್ಪಿದರೆ ತಾನು ಯಾರಿಗೂ ಬೇಡದವನು ಎಂದು ಅವನಿಗೆ ಖಾತ್ರಿಯಾಗಿತ್ತು.

ಚೌರಪ್ಪನವರು ಹೊಳೆದಡದಲ್ಲಿ ಹರಿಗೋಲನ್ನು ಬೋರಲು ಹಾಕಿ ತಳಕ್ಕೆ ಡಾಂಬರು ಬಳಿಯುತ್ತಿದ್ದರು. ಅರುಳಪ್ಪ ನೋಟುಬುಕ್ಕು ಹಿಡಿದು ಹೋದ.

"ಅಯ್ಯಾ, ಶಾಲೆಗೆ ಪಾಠ ಬರ್ದಿದ್ದೀನಿ."

"ಎಷ್ಟು?"

"ಮುನ್ನೂರ ಹನ್ನೆರಡು ಪ್ರಶ್ನೆ."

"ಉತ್ರ?"

"ಅದೂ ಮುನ್ನೂರ ಹನ್ನೆರಡೇ."

"ಒಂದೂ ಬಾಕಿ ಇಲ್ವಾ?"

"ಒಂದೂ ಇಲ್ಲ ಅಯ್ಯಾ," ಎಂದ ಹೆಮ್ಮೆಯಿಂದ.

"ಪಾಪ," ಎಂದರು ಚೌರಪ್ಪನವರು. "ಹಂಗಾದ್ರೆ ಕಲಿಯೋಕ್ ಬರೋರು ಏನ್ ತರ್ಬೇಕು?"

ಅರುಳಪ್ಪನಿಗೆ ಅರ್ಥವಾಗಲಿಲ್ಲ. ಅರ್ಥವಾಗದ್ದನ್ನು ಹೊಗಳಿಕೆಯೆಂದೇ ತಿಳಿಯುವ ವಯಸ್ಸು ಅದು.

"ಬೀಗದ ಕೈ ನಂಗೆ ಕೊಡ್ತೀರಾ?" ಎಂದು ನೇರವಾಗಿ ಕೇಳಿದ.

ಚೌರಪ್ಪನವರು ಡಾಂಬರಿನ ಕೈಯನ್ನು ಮರಳಿಗೆ ಉಜ್ಜಿಕೊಂಡರು. "ಹತ್ತು ಹಟ್ಟಿಯೋರು ಒಬ್ಬೊಬ್ರ ಕಳಿಸ್ತೀವಿ ಅಂದವ್ರೆ. ಬಿದಿರುಕಡವಿನೋರು ಮಾತ್ರ ಉಸ್ರು ಬಿಟ್ಟಿಲ್ಲ. ಅಲ್ಲಿಂದ ಒಬ್ರ ಕರ್ಕಂಡು ಬಾ. ಆಮೇಲೆ ಕೇಳು."

"ಅಷ್ಟೇನಾ?"

"ಅಷ್ಟೇಯ."

*

ಬಿದಿರುಕಡವು ಹೊಳೆಯಾಚೆಯ ಹಟ್ಟಿ. ನಲವತ್ತು ಜನ. ಎಲ್ಲರೂ ಬಿದಿರು ಸೀಳಿ ಮೊರ, ಬುಟ್ಟಿ ಹೆಣೆಯುವವರು. ನಡುವೆ ಶಿಲುಬೆ ನೆಟ್ಟ ಒಂದು ಹುಲ್ಲಿನ ಗುಡಿ.

ಅರುಳಪ್ಪ ಅಲ್ಲಿಗೆ ಹೋದ ದಿನ, ದನ ಕೊಟ್ಟಿಗೆ ಸೇರುವ ಹೊತ್ತಿಗೆ ಹಟ್ಟಿಯೆಲ್ಲ ಗುಡಿಯಲ್ಲಿ ಕೂಡಿತು. ಮುಂದೆ ಕೂತವಳು ಮದಲೇನಮ್ಮ. ಅರವತ್ತು ದಾಟಿದವಳು, ಕೈ ತುಂಬ ಬಿದಿರು ಕುಯ್ದ ಗಾಯದ ಗೀರು. ಚೌರಪ್ಪನವರು ಬಾರದ ದಿನಗಳಲ್ಲಿ ಅಲ್ಲಿ ಜಪ ಹೇಳಿಸುತ್ತಿದ್ದವಳು ಅವಳೇ.

ಜಪಸರ ಮುಗಿದು ದೇವಮಾತೆ ಮರೀಯಾಳ ಪ್ರಾರ್ಥನಾಮಾಲೆ ಶುರುವಾಯಿತು. ಒಬ್ಬರು ಮಾತೆಯ ಒಂದೊಂದು ಹೆಸರು ಹೇಳುವುದು, ಉಳಿದವರು "ಓರಾ ಪ್ರೋ ನೋಬಿಸ್" ಎನ್ನುವುದು. ಆಗ ಎಲ್ಲವೂ ಲತೀನು, ಅಂದರೆ ಲ್ಯಾಟಿನ್ ಭಾಷೆ. "ನಮಗಾಗಿ ಬೇಡಿಕೊಳ್ಳಿ" ಎಂದು ಅದರ ಅರ್ಥ.

"ಸಾಂಕ್ತಾ ಮರೀಯಾ," ಎಂದು ಮದಲೇನಮ್ಮ ರಾಗ ತೆಗೆದಳು.

ನಲವತ್ತು ಬಾಯಿ ಒಟ್ಟಿಗೆ ಹೇಳಿತು:

"ಊರ ಪೊರೆ, ನೋವ ಬಿಡಿಸು."

ಅರುಳಪ್ಪ ಕಿವಿಗೊಟ್ಟು ಕೇಳಿದ. ಮತ್ತೊಂದು ಹೆಸರು. ಮತ್ತೆ ಅದೇ. "ಊರ ಪೊರೆ, ನೋವ ಬಿಡಿಸು." ಓರಾ ಪ್ರೋ ನೋಬಿಸ್ ಬಿದಿರುಕಡವಿಗೆ ಬಂದು ಹೀಗಾಗಿತ್ತು.

ತಡೆಯಲಾಗದೆ ಅವನು ಗೊಳ್ಳೆಂದು ನಕ್ಕುಬಿಟ್ಟ.

ಆ ನಗು ಮೇಷ್ಟ್ರ ಕಿವಿಯನ್ನು ಕೊನೆಯವರೆಗೂ ಬಿಡಲಿಲ್ಲ.

"ಅದು ಹಂಗಲ್ಲ ಕಣವ್ವಾ," ಎಂದ ಅರುಳಪ್ಪ, ಎಲ್ಲರ ಮುಂದೆ. "ತಪ್ಪು ಹೇಳ್ತಿದ್ದೀರಿ. ಓರಾ. ಪ್ರೋ. ನೋಬಿಸ್. ಎಲ್ಲಿ, ಹೇಳಿ."

ಮದಲೇನಮ್ಮ ಅವನ ಮುಖ ನೋಡಿದಳು. ಎದ್ದು ಹಿಂದೆ ಹೋಗಿ, ಕಂಬಕ್ಕೆ ಒರಗಿ ಕೂತಳು.

ಅರುಳಪ್ಪ ಮುಂದೆ ಕೂತ. ಅಂದಿನಿಂದ ಅವನೇ ಹೇಳಿಸಿದ. ಆರು ದಿನದಲ್ಲಿ ತಪ್ಪು ಪೂರಾ ಹೋಯಿತು. ಜನವೂ ಹೋದರು. ಇಪ್ಪತ್ತಾದರು, ಒಂಬತ್ತಾದರು, ನಾಲ್ಕಾದರು.

ಮದಲೇನಮ್ಮ ಮಾತ್ರ ದಿನವೂ ಬರುತ್ತಿದ್ದಳು. ಕಂಬಕ್ಕೆ ಒರಗಿ ಕೂರುತ್ತಿದ್ದಳು. ತುಟಿ ಬಿಚ್ಚುತ್ತಿರಲಿಲ್ಲ.

ಶಾಲೆಗೆ ಒಬ್ಬರನ್ನು ಕಳಿಸಿ ಎಂದು ಅರುಳಪ್ಪ ಮನೆ ಮನೆಗೂ ಹೋಗಿ ಕೇಳಿದ. ಕೊನೆಯ ಮನೆಯವನು ಬಿದಿರು ಸೀಳುತ್ತಾ ತಲೆಯೆತ್ತದೆ ಹೇಳಿದ: "ನಾವು ಬಾಯ್ ಬಿಟ್ರೆ ನಗ್ತೀರಿ. ಬುಟ್ಬುಡಿ ಬುದ್ಧಿ, ನಾವು ಹಿಂಗೇ ಇದ್ಕತೀವಿ."

*

ಅರುಳಪ್ಪ ಹೊಳೆ ದಾಟಿ ಬಂದ. ಚೌರಪ್ಪನವರು ಅಂಬಲಿ ಕುಡಿಯುತ್ತಿದ್ದರು.

"ಆರು ದಿನದಲ್ಲಿ ತಿದ್ಬಿಟ್ಟೆ ಅಯ್ಯಾ. ಈಗ ಒಂದಕ್ಷರ ತಪ್ಪಿಲ್ಲ."

"ಎಷ್ಟು ಜನ ಹೇಳ್ತಾರೆ?"

"ನಾಲ್ಕು."

"ಮುಂಚೆ?"

"ನಲವತ್ತು."

ಚೌರಪ್ಪನವರು ಲೋಟ ಕೆಳಗಿಟ್ಟರು.

"ಅವರು ತಪ್ಪು ಹೇಳ್ತಿದ್ದದ್ದು ನಿಮಗೆ ಗೊತ್ತಿರ್ಲಿಲ್ವಾ?" ಎಂದು ಅರುಳಪ್ಪ ಕೇಳಿದ. ಸೋತ ಸಿಟ್ಟು ಅವನಿಗೆ.

"ಗೊತ್ತಿತ್ತು."

"ಗೊತ್ತಿದ್ದೂ ಬಿಟ್ರಾ?"

"ಪೂಜೇಲಿ ಗಡ್ಡದ ಸ್ವಾಮಿಯೋರು ಕುರಿ ಅಂದಾಗ ನೀ ಏನ್ ಮಾಡ್ತೀಯೆ?"

"ಕೂತ್ಕತೀನಿ."

"ಯಾಕೆ? ಬ್ಯಾ ಅನ್ಬಾರ್ದಾ?"

ಅರುಳಪ್ಪನಿಗೆ ನಗು ಬರಲಿಲ್ಲ.

"ನಿನ್ನ ಹೆಸ್ರೇನ್ಲಾ?" ಎಂದರು ಚೌರಪ್ಪನವರು, ಅವನನ್ನು ಮೊದಲ ಸಲ ನೋಡುತ್ತಿರುವವರ ಹಾಗೆ.

"ಅರುಳಪ್ಪ."

"ಜ್ಞಾನಸ್ನಾನದ ಪುಸ್ತಕದಲ್ಲಿ ಏನಂತ ಬರ್ದವ್ರೆ?"

"ಯೋವಾನ್ನೆಸ್." ಲತೀನಿನ ಯೋವಾನ್ನೆಸನೇ ನಮ್ಮವರ ಬಾಯಲ್ಲಿ ಅರುಳಪ್ಪ.

"ನಿಮ್ಮವ್ವ ಏನಂತ ಕೂಗ್ತಾಳೆ?"

ಅವನಿಗೆ ನಾಚಿಕೆಯಾಯಿತು. "ಅಳ್ಳಣ್ಣ," ಎಂದ ಮೆಲ್ಲಗೆ.

"ಅವ್ಳು ಹಿತ್ಲಲ್ಲಿ ನಿಂತ್ಕಂಡು ಅಳ್ಳಣ್ಣಾ ಅಂತ ಕೂಗುದ್ರೆ, ನೀ ಮೊದ್ಲು ತಿದ್ತೀಯಾ, ಮೊದ್ಲು ಓಗೊಡ್ತೀಯಾ?"

ಹೊಳೆಯಲ್ಲಿ ಯಾರೋ ಬಟ್ಟೆ ಒಗೆಯುವ ಸದ್ದು ಬರುತ್ತಿತ್ತು.

ಚೌರಪ್ಪನವರೇ ಮುಂದುವರಿಸಿದರು.

"ನಂಗೆ ಆಗ ಇಪ್ಪತ್ತೆಲ್ಡು. ಹೊಸಾ ಉಪದೇಶಿ. ಬಿದಿರುಕಡವಲ್ಲಿ ಕಾಲರಾ ಬಂತು. ಏಳು ದಿನದಲ್ಲಿ ಹದಿನಾಕು ಮಣ್ಣು ಮಾಡ್ದೆ. ಕೊನೇ ಮಣ್ಣು ಮದಲೇನಿ ಅವ್ವಂದು. ಮದಲೇನಿಗೆ ಹನ್ನೆಲ್ಡು ವರ್ಷ. ಗುಂಡಿ ಮುಚ್ಚಿ ಪ್ರಾರ್ಥನೆ ಶುರು ಮಾಡ್ದೆ. ಓರಾ ಪ್ರೋ ನೋಬಿಸ್ ಅನ್ನೋಕೆ ಯಾರ್ಗೂ ಬಾಯಿ ಬರ್ಲಿಲ್ಲ. ಈ ಮಗು ಒಂದೇ ಹೇಳ್ತು. ಅದ್ರ ಕಿವಿಗೆ ಹೆಂಗೆ ಬಿದ್ದಿತ್ತೋ ಹಂಗೆ. ಊರ ಪೊರೆ, ನೋವ ಬಿಡಿಸು. ಉಳ್ದೋರೆಲ್ಲ ಅದ್ನೇ ಹಿಡ್ಕಂಡ್ರು."

"ನೀವು?"

"ತಿದ್ದವಾ ಅಂತ ಬಾಯಿ ತೆಗ್ದೆ."

"ಆಮೇಲೆ?"

"ನನ್ನ ಬಾಯಲ್ಲೂ ಅದೇ ಬಂತು."

ಚೌರಪ್ಪನವರು ಮತ್ತೆ ಅಂಬಲಿಯ ಲೋಟ ಎತ್ತಿಕೊಂಡರು.

"ಹಾಗಾದ್ರೆ ನಾನು ತಪ್ಪನ್ನೇ ಕಲಿಸ್ಬೇಕಾ?" ಎಂದ ಅರುಳಪ್ಪ.

"ನಾ ಹಂಗಂದ್ನಾ?"

"ಸರಿಯಾದದ್ದನ್ನ ಕಲಿಸ್ಬೇಕಾ?"

"ಹಂಗೂ ಅನ್ನಲಿಲ್ಲ."

"ಮತ್ತೇನ್ ಮಾಡ್ಲಿ ಅಯ್ಯಾ?"

"ಮೊರ ಹೆಣೆಯೋದು ಕಲಿ."

*

ಅರುಳಪ್ಪ ಮತ್ತೆ ಬಿದಿರುಕಡವಿಗೆ ಹೋದ. ಮದಲೇನಮ್ಮನ ಮನೆ ಮುಂದೆ ನಿಂತ.

"ಅವ್ವಾ, ಮೊರ ಹೆಣೆಯೋದು ಹೇಳ್ಕೊಡ್ತೀಯಾ?"

ಅವಳು ಮೇಲಿಂದ ಕೆಳಗೆ ನೋಡಿದಳು. "ಲತೀನು ಮುಗೀತಾ?"

"ಮುಗೀತು."

"ಕೂತ್ಕ."

ಬಿದಿರಿನ ಸೀಳು ಅವನ ಮಾತು ಕೇಳಲಿಲ್ಲ. ಮೊದಲ ದಿನವೇ ಮೂರು ಬೆರಳು ಕುಯ್ದುಕೊಂಡ. ಅವಳು ಅರಿಸಿನ ಮೆತ್ತಿ ಬಟ್ಟೆ ಸುತ್ತಿದಳು. ಎರಡನೆಯ ದಿನ ಹೆಣೆದದ್ದು ಮೂರನೆಯ ದಿನ ಬಿಚ್ಚಿಕೊಂಡಿತು. ಶಾಲೆಯ ಮಾತನ್ನು ಅವನು ಎತ್ತಲಿಲ್ಲ. ಎತ್ತಲು ಮುಖವಿರಲಿಲ್ಲ.

ಸಂಜೆ ಗುಡಿಗೆ ಹೋದರೆ ಹಿಂದಿನ ಸಾಲಿನಲ್ಲಿ, ಅವಳು ಒರಗುವ ಕಂಬದ ಪಕ್ಕದಲ್ಲಿ ಕೂತ. ಮುಂದೆ ಕೂರುವವರು ಯಾರೂ ಇರಲಿಲ್ಲ. ಇದ್ದವರು ಮನಸ್ಸಿನಲ್ಲೇ ಹೇಳಿಕೊಂಡು ಎದ್ದುಹೋದರು. ಹಾಗೆ ಮೂರು ವಾರ ನಡೆಯಿತು. ಆ ಮೌನವನ್ನು ತಂದವನು ತಾನೇ ಎಂದು ಅವನಿಗೆ ಪ್ರತಿ ಸಂಜೆಯೂ ಅನ್ನಿಸುತ್ತಿತ್ತು.

ಕೊನೆಗೊಂದು ದಿನ ಮೊರ ಎಂಬುದೊಂದು ಆಯಿತು. ಮದಲೇನಮ್ಮ ಅದಕ್ಕೆ ಒಂದು ಬೊಗಸೆ ರಾಗಿ ಸುರಿದು ಎರಡು ಸಲ ಕೇರಿದಳು. ಸಂದಿಯಿಂದ ರಾಗಿಯೆಲ್ಲ ನೆಲಕ್ಕೆ ಸೋರಿತು.

"ನೋಡಪ್ಪ, ನಿನ್ನ ಮೊರದಲ್ಲಿ ಕಾಳು ಹೋಗಿ ಹೊಟ್ಟು ಉಳ್ಕತದೆ," ಎಂದಳು.

ಅರುಳಪ್ಪ ಅವಳ ಮುಖವನ್ನೇ ನೋಡಿದ. ಆ ಮುಖದಲ್ಲಿ ನಗುವಿನ ಸುಳಿವೂ ಇರಲಿಲ್ಲ.

"ನಗಾಡಲ್ವೇನವ್ವಾ?"

"ಯಾಕೆ ನಗ್ಲಿ? ಕಲಿಯೋರ ನೋಡಿ ಯಾರಾರಾ ನಗ್ತಾರಾ?"

ಅವನ ಕಣ್ಣು ತುಂಬಿತು. ಕೈಯಲ್ಲಿದ್ದ ಸೀಳನ್ನು ಕೆಳಗಿಟ್ಟ. "ನಾನು ನಕ್ಕೆ ಕಣವ್ವಾ. ತಪ್ಪು ನಂದು. ತಪ್ಪಾಯ್ತು."

ಮದಲೇನಮ್ಮ ನೆಲದ ರಾಗಿಯನ್ನು ಒಂದೊಂದಾಗಿ ಹೆಕ್ಕತೊಡಗಿದಳು.

"ನೀ ನಕ್ಕಿದ್ದಕ್ಕಲ್ಲ ಕಣಪ್ಪ ನಾ ಬಾಯ್ ಮುಚ್ಕಂಡಿದ್ದು," ಎಂದಳು. "ನಮ್ಮವ್ವನ ಮಣ್ ಮಾಡ್ದಾಗ ಹೇಳಿದ್ ಮಾತು ಅದು. ಅಲ್ಲಿಂದ ಈಚ್ಗೆ ಐವತ್ತು ವರ್ಷ ಅದ್ನೇ ಹೇಳಿವ್ನಿ. ನೀ ತಪ್ಪು ಅಂದ್ಯಲ್ಲ, ಅವತ್ತಿಂದ ಒಂದೇ ದಿಗಿಲು. ತಪ್ಪಾಗಿ ಹೇಳಿದ್ದು ಆ ತಾಯ್ಗೆ ಮುಟ್ಲೇ ಇಲ್ವೇನೋ. ನಮ್ಮವ್ವ ಇನ್ನೂ ದಾರೀಲೇ ಅವ್ಳೇನೋ."

ಮುನ್ನೂರ ಹನ್ನೆರಡು ಉತ್ತರಗಳನ್ನು ಅರುಳಪ್ಪ ಒಂದೊಂದಾಗಿ ಮನಸ್ಸಿನಲ್ಲಿ ಮಗುಚಿ ನೋಡಿದ. ಇದಕ್ಕೆ ಅಲ್ಲಿ ಉತ್ತರವಿರಲಿಲ್ಲ.

"ಅವ್ವಾ, ನಂಗೇನೂ ಗೊತ್ತಿಲ್ಲ," ಎಂದ. "ಒಂದ್ ಮಾತ್ರ ಗೊತ್ತು. ನನ್ನ ಹೆಸ್ರು ಅರುಳಪ್ಪ. ನಮ್ಮವ್ವ ಅಳ್ಳಣ್ಣ ಅಂತಾಳೆ. ಹುಟ್ಟಿದಾಗಿಂದ ಒಂದು ಸಲಾನೂ ಸರಿಯಾಗಿ ಕರ್ದಿಲ್ಲ. ನಾನು ಒಂದು ಸಲಾನೂ ಓಗೊಡದೆ ಇದ್ದಿಲ್ಲ."

ಅವಳ ಕೈ ನಿಂತಿತು.

"ನನ್ನಂಥೋನೇ ಓಗೊಟ್ಟ ಮೇಲೆ, ಆ ತಾಯಿ ಓಗೊಡ್ದೆ ಇರ್ತಾಳಾ?"

ಮದಲೇನಮ್ಮ ಸೆರಗಿನಿಂದ ಮುಖ ಮುಚ್ಚಿಕೊಂಡು ಅತ್ತಳು. ಐವತ್ತು ವರ್ಷದ ಹಿಂದೆ ಅಳಬೇಕಾದದ್ದೂ ಅದರಲ್ಲಿ ಸೇರಿತ್ತೆಂದು ಮೇಷ್ಟ್ರು ಹೇಳುತ್ತಿದ್ದರು.

ಅತ್ತು ಮುಗಿದ ಮೇಲೆ ಮೂಗೊರೆಸಿಕೊಂಡು ಕೇಳಿದಳು: "ಆ ಲತೀನಿಗೆ ಅರ್ಥ ಏನಂದೆ?"

"ನಮಗಾಗಿ ಬೇಡ್ಕಳಿ, ಅಂತ."

"ಅದೂ ಒಳ್ಳೆ ಮಾತೇಯ," ಎಂದಳು.

ಅವತ್ತು ಸಂಜೆ ಗುಡಿಯಲ್ಲಿ ಅವಳು ಮುಂದೆ ಕೂತು ಜಪ ಹೇಳಿಸಿದಳು. ಅವಳ ದನಿ ಕೇಳಿ ಹಟ್ಟಿಯವರು ಒಬ್ಬೊಬ್ಬರಾಗಿ ಬಂದರು. ಪ್ರಾರ್ಥನಾಮಾಲೆಯನ್ನು ಮಾತ್ರ ಅವಳು ಶುರು ಮಾಡಲಿಲ್ಲ. ಜಪಸರ ಮಡಚಿ ಸೆರಗಿಗೆ ಕಟ್ಟಿಕೊಂಡು ಎದ್ದುಬಿಟ್ಟಳು. ಯಾಕೆಂದು ಅರುಳಪ್ಪ ಕೇಳಲಿಲ್ಲ.

*

ದೇವಮಾತೆಯ ಹುಟ್ಟುಹಬ್ಬ ಬಂತು.

ಶಾಲೆಯ ಜಗುಲಿಯ ಮೇಲೆ ಹನ್ನೊಂದು ಚಾಪೆ ಹಾಸಿದ್ದರು. ಹತ್ತು ಹಟ್ಟಿಯವರು ಹತ್ತರ ಮೇಲೆ ಕೂತರು. ಹನ್ನೊಂದನೆಯದು ಖಾಲಿ. ಗಡ್ಡದ ಸ್ವಾಮಿಗಳು ಹೂವಿನ ಹಾರ ಹಿಡಿದು ನಿಂತಿದ್ದರು. ಬಾಗಿಲಿಗೆ ಬೀಗ. ಬೀಗದ ಕೈ ಚೌರಪ್ಪನವರ ಮಡಿಲಲ್ಲಿ.

"ಬಿದಿರುಕಡವು?" ಎಂದು ಚೌರಪ್ಪನವರು ಕೇಳಿದರು.

ಅರುಳಪ್ಪ ಮುಂದೆ ಬಂದ. ರಾತ್ರಿಯೆಲ್ಲ ಯೋಚಿಸಿ ತೀರ್ಮಾನ ಮಾಡಿಕೊಂಡು ಬಂದಿದ್ದ.

"ಯಾರೂ ಇಲ್ಲ ಅಯ್ಯಾ. ಕೇಳೋಕೆ ನಂಗೆ ಮುಖ ಬರ್ಲಿಲ್ಲ. ಬೀಗದ ಕೈ ಬೇರೆಯವರಿಗೆ ಕೊಡಿ."

"ನೀನು?"

"ನಾನು ಚಾಪೆ ಮೇಲೆ ಕೂತ್ಕತೀನಿ. ಖಾಲಿ ಇದೆಯಲ್ಲ."

ಚೌರಪ್ಪನವರು ಹೊಳೆಯ ಕಡೆ ನೋಡಿದರು. ಅರುಳಪ್ಪ ತಿರುಗಿದ. ಒಂದು ಹರಿಗೋಲು ದಡಕ್ಕೆ ತಾಗುತ್ತಿತ್ತು. ಅದರಿಂದ ಮದಲೇನಮ್ಮ ಇಳಿದಳು. ತಲೆಯ ಮೇಲೆ ನಾರಿನ ಹುರಿಯಿಂದ ಕಟ್ಟಿದ ಹೊಸ ಮೊರಗಳ ಹೊರೆ.

"ಶಾಲೆ ಅಂದ್ಮೇಲೆ ಅಡ್ಗೆ ಮನೆ ಇರ್ತದಲ್ಲ, ಮೊರ ಬೇಕಾಗ್ತದೆ," ಎಂದು ಹೊರೆ ಇಳಿಸಿದಳು. ಆಮೇಲೆ ಖಾಲಿ ಚಾಪೆ ನೋಡಿದಳು. "ಇದು ನಮ್ಮೂರ್ದಾ?"

"ಹೌದವ್ವಾ. ಯಾರು ಬರ್ತಾರೆ?"

"ನಾನೇ ಬಂದಿವ್ನಲ್ಲಾ," ಎಂದು ಕೂತೇಬಿಟ್ಟಳು.

ಸ್ವಾಮಿಗಳು ಗಡ್ಡ ನೀವಿಕೊಂಡರು. "ಹೆಂಗಸು? ಉಪದೇಶಿ?"

"ಐವತ್ತು ವರ್ಷದಿಂದ ಆ ಊರ್ಗೆ ಅವ್ಳೇ ಉಪದೇಶಿ, ಸ್ವಾಮಿ," ಎಂದರು ಚೌರಪ್ಪನವರು. "ನಾ ಬರೀ ಹರಿಗೋಲಿಗೆ ಹುಟ್ಟು ಹಾಕ್ಕಂಡಿದ್ದೆ."

"ಈ ವಯಸ್ಸಿನಲ್ಲಿ ಶಾಲೆಯೇ, ಅಮ್ಮಾ?" ಎಂದರು ಸ್ವಾಮಿಗಳು.

"ಇವ್ನು ನಂತಾವ ಕಲ್ತ," ಎಂದು ಅವಳು ಅರುಳಪ್ಪನ ಕಡೆ ಗಲ್ಲ ತೋರಿಸಿದಳು. "ನಾ ಇವ್ನ ತಾವ ಕಲೀಬ್ಯಾಡ್ವಾ? ಬಾಕಿ ಇಟ್ಕಂಡು ಸಾಯೋಕಾಯ್ತದಾ?"

ಬಾಗಿಲು ತೆಗೆಯುವ ಮುಂಚೆ ಮಾತೆಯ ಪ್ರಾರ್ಥನಾಮಾಲೆ ಹೇಳಬೇಕು. ಚೌರಪ್ಪನವರು ಅರುಳಪ್ಪನಿಗೆ ಕಣ್ಣಲ್ಲೇ ಸೂಚಿಸಿದರು.

ಅರುಳಪ್ಪ ಎದ್ದು ನಿಂತ. ಗುರುಮಠದವರು ಕೇಳಿದರೆ ಏನಂದಾರು, ಗಡ್ಡದ ಸ್ವಾಮಿಗಳು ಏನಂದಾರು ಎಂದು ಒಂದು ಗಳಿಗೆ ಅಳುಕಿದ. ಮದಲೇನಮ್ಮನ ಕುಯ್ದ ಬೆರಳು ನೋಡಿದ. ಅಳುಕು ಹೋಯಿತು.

"ಸಾಂಕ್ತಾ ಮರೀಯಾ," ಎಂದ. ಯಾರೂ ಹೇಳುವ ಮುಂಚೆ ತಾನೇ ಗಟ್ಟಿಯಾಗಿ, ಬಿದಿರುಕಡವಿನ ರಾಗದಲ್ಲೇ ಹೇಳಿದ:

"ಊರ ಪೊರೆ, ನೋವ ಬಿಡಿಸು."

ಅದೇ ಉಸಿರಿಗೆ, ಹನ್ನೊಂದನೆಯ ಚಾಪೆಯ ಮೇಲಿಂದ, ಒಂದೊಂದಕ್ಷರವನ್ನೂ ಬಿಡಿಸಿ ಬಿಡಿಸಿ ಇನ್ನೊಂದು ದನಿ ಬಂತು:

"ಓರಾ. ಪ್ರೋ. ನೋಬಿಸ್."

ಒಂದು ತಿಂಗಳು ಬಿದಿರು ಸೀಳುತ್ತಾ ಸೀಳುತ್ತಾ ಅವಳು ಅದನ್ನು ಕಲಿತಿದ್ದಳು. ಯಾರಿಗೂ ಹೇಳದೆ, ಅವನಿಗೋಸ್ಕರ.

ಇಬ್ಬರ ದನಿಯೂ ನಿಂತುಬಿಟ್ಟಿತು. ಉಳಿದ ಹತ್ತು ಮಂದಿ ಯಾವುದನ್ನು ಹೇಳಬೇಕೆಂದು ತಿಳಿಯದೆ ಬಾಯಿ ತೆರೆದುಕೊಂಡೇ ಕೂತರು. ಮದಲೇನಮ್ಮ ಅರುಳಪ್ಪನನ್ನು ನೋಡಿದಳು. ಅವಳಿಗೆ ನಗು ಬಂತು. ಅರುಳಪ್ಪನಿಗೆ ಅಳು ಬಂತು. ಆಮೇಲೆ ಇಬ್ಬರಿಗೂ ಎರಡೂ ಬಂತು.

ಚೌರಪ್ಪನವರು ಮಡಿಲಿನಿಂದ ಬೀಗದ ಕೈ ತೆಗೆದು ಅರುಳಪ್ಪನ ಕೈಗೆ ಇಟ್ಟರು.

"ತೆಗಿ," ಎಂದರು.

ಅರುಳಪ್ಪ ಬಾಗಿಲು ತೆಗೆದ. ಹೊಸ ಸುಣ್ಣದ ವಾಸನೆ ಬಂತು. ಹನ್ನೊಂದು ಜನ ಒಳಗೆ ಹೋಗಿ, ಎಲ್ಲಿ ಕೂರಬೇಕೆಂದು ತಿಳಿಯದೆ ನಿಂತರು.

"ಕುರಿ, ಎಲ್ಲರೂ ಕುರಿ," ಎಂದರು ಸ್ವಾಮಿಗಳು.

ಎಲ್ಲರೂ ಕೂತರು.

ಅರುಳಪ್ಪ ಹೊಸ್ತಿಲಿನ ಮೇಲೆಯೇ ಉಳಿದ. ಹಿಂದೆ ತಿರುಗಿ ಗುರುವನ್ನು ಕೇಳಿದ: "ಅಯ್ಯಾ, ನಾಳೆ ಮೊದಲ್ನೇ ಪಾಠ. ಇವರಿಗೆ ಯಾವುದನ್ನ ಕಲಿಸ್ಲಿ? ಓರಾ ಪ್ರೋ ನೋಬಿಸ್ಸಾ, ಊರ ಪೊರೆನಾ?"

ಚೌರಪ್ಪನವರು ಕುಂಟುತ್ತಾ ಬಂದು ಬಾಗಿಲಿನಿಂದ ಬೀಗದ ಕೈಯನ್ನು ಎಳೆದುಕೊಂಡರು. ಮೊರದ ಹೊರೆಗೆ ಕಟ್ಟಿದ್ದ ನಾರಿನ ಹುರಿಯನ್ನು ಬಿಚ್ಚಿದರು. ನಾಲಿಗೆಯಿಲ್ಲದ ಗಂಟೆಯ ಒಳಗೆ ಕೈ ಹಾಕಿ, ಬೀಗದ ಕೈಯನ್ನು ಅಲ್ಲಿ ಬಿಗಿಯಾಗಿ ಕಟ್ಟಿದರು. ಕಟ್ಟಿ, ಹುರಿಯ ತುದಿಯನ್ನು ಒಮ್ಮೆ ಜಗ್ಗಿದರು.

ಗಂಟೆ ಮೊದಲ ಸಲ ಬಾಯಿಬಿಟ್ಟಿತು. ಸದ್ದು ಹೊಳೆ ದಾಟಿ ಆಚೆ ದಡಕ್ಕೆ ಹೋಯಿತು. ಬಿದಿರುಕಡವಿನಲ್ಲಿ ಜನ ಮನೆಗಳಿಂದ ಹೊರಗೆ ಬಂದು ಈ ಕಡೆ ನೋಡುವುದು ಜಗುಲಿಯಿಂದಲೇ ಕಾಣಿಸಿತು.

ಚೌರಪ್ಪನವರು ಶಿಷ್ಯನ ಕಡೆ ತಿರುಗಿದರು.

"ಈಗ ಹೇಳ್ಲಾ ಅಳ್ಳಣ್ಣ, ಇದು ಲತೀನಾ, ಕನ್ನಡವಾ?"